ಮಹಾತ್ಮಾ ಜೋತಿಬಾ ಫುಲೆ ಮತ್ತು ಹಳ್ಳಿಯ ಶಿಕ್ಷಕ

ಜೋತಿರಾವ್ ಗೋವಿಂದರಾವ್ ಫುಲೆ ಅವರನ್ನು ಕನ್ನಡದ ಓದುಗರು ಸತ್ಯಶೋಧಕ ಸಮಾಜದ ಸ್ಥಾಪಕರೆಂದೂ, ‘ಗುಲಾಮಗಿರಿ’ಯ ಕರ್ತೃವೆಂದೂ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಡಿಗಲ್ಲು ಹಾಕಿದವರೆಂದೂ ಬಲ್ಲರು. ಅವರು ಹತ್ತು ವರ್ಷಗಳಷ್ಟು ಕಾಲ ಶಾಲೆಗಳನ್ನು ನಡೆಸಿದವರು, ಸ್ವತಃ ಪಾಠ ಹೇಳಿದವರು, ಆ ಅನುಭವದ ಬಲದಿಂದಲೇ ಸರಕಾರವು ಶಿಕ್ಷಣಕ್ಕಾಗಿ ಮಾಡುವ ವೆಚ್ಚವನ್ನು ಒರೆಗೆ ಹಚ್ಚಿದವರು ಎಂಬ ಸಂಗತಿ ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹಳ್ಳಿಯ ಶಿಕ್ಷಕನನ್ನು ಯಾರು ಸಿದ್ಧಗೊಳಿಸಬೇಕು, ಅವನ ಸಂಬಳಕ್ಕೆ ಹಣ ಎಲ್ಲಿಂದ ಬರಬೇಕು, ಅವನ ಕೆಲಸವನ್ನು ಯಾರು ತನಿಖೆ ಮಾಡಬೇಕು ಎಂಬ ಪ್ರಶ್ನೆಗಳಿಗೆ ಫುಲೆ ಅವರು 1882ರಲ್ಲಿ ಕೊಟ್ಟ ಉತ್ತರವು ಪುಣೆ ನಗರಕ್ಕಷ್ಟೇ ಸಂಬಂಧಿಸಿದ್ದಲ್ಲ. ಧಾರವಾಡ, ಬೆಳಗಾವಿ, ಕಲಾದಗಿ, ಕಾರವಾರಗಳ ಸೀಮೆಯೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಕನ್ನಡ ಶಾಲೆಯ ಮಾಸ್ತರನೂ ಮರಾಠಿ ಶಾಲೆಯ ಪಂತೋಜಿಯೂ ಒಂದೇ ಶಿಕ್ಷಣ ಖಾತೆಯ ನೌಕರರಾಗಿದ್ದರು.

ಫುಲೆ ಅವರು 1827ರಲ್ಲಿ ಮಾಳಿ ಕುಟುಂಬವೊಂದರಲ್ಲಿ ಜನಿಸಿದರು. ಅವರ ಪೂರ್ವಜರು ಸಾತಾರಾ ಜಿಲ್ಲೆಯ ಕಟಗುಣದವರು. ಗೋರ್ಹೆ ಎಂಬುದು ಮೂಲ ಮನೆತನದ ಹೆಸರು. ಪುಣೆಗೆ ಬಂದು ನೆಲೆಸಿ ಪೇಶ್ವೆಯವರ ಮನೆಗೆ ಹೂವು ಒದಗಿಸುವ ಕಾಯಕ ಹಿಡಿದ ಮೇಲೆ ಫುಲೆ ಎಂಬ ಹೆಸರು ನಿಂತಿತು. ಎಳೆಗೂಸಾಗಿದ್ದಾಗಲೇ ತಾಯಿ ಚಿಮಣಾಬಾಯಿ ತೀರಿಕೊಂಡರು. ಮಗುವನ್ನು ಸಾಕಿದವರು ಬಂಧುವಾದ ಸಗುಣಾಬಾಯಿ ಕ್ಷೀರಸಾಗರ. ಕೆಲಕಾಲ ಮರಾಠಿ ಶಾಲೆಯಲ್ಲಿ ಓದಿದ ಬಾಲಕನನ್ನು ತಂದೆ ಗೋವಿಂದರಾವ್ ಶಾಲೆ ಬಿಡಿಸಿ ತೋಟದ ಕೆಲಸಕ್ಕೆ ಹಚ್ಚಿದರು. ನೆರೆಯವರಾದ ಗಫಾರ್ ಬೇಗ್ ಮುನ್ಶಿ ಮತ್ತು ಲಿಜಿಟ್ ಸಾಹೇಬರು ಹುಡುಗನ ಬುದ್ಧಿಯನ್ನು ಕಂಡು ತಂದೆಗೆ ತಿಳಿಹೇಳದೆ ಹೋಗಿದ್ದರೆ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು. 1841ರಲ್ಲಿ ಅವರು ಸ್ಕಾಟಿಷ್ ಮಿಶನ್ ಶಾಲೆಗೆ ಸೇರಿ 1847ರಲ್ಲಿ ಶಿಕ್ಷಣ ಮುಗಿಸಿದರು. ಸದಾಶಿವ ಬಲ್ಲಾಳ ಗೋವಂಡೆ, ಮೋರೋ ವಿಠ್ಠಲ ವಾಳವೇಕರ್, ಸಖಾರಾಮ ಯಶವಂತ ಪರಾಂಜಪೆ ಎಂಬ ಬ್ರಾಹ್ಮಣ ಗೆಳೆಯರು ಅವರೊಂದಿಗಿದ್ದರು. ಮುಂದೆ ಶಾಲೆಗಳನ್ನು ನಡೆಸುವಲ್ಲಿಯೂ ಈ ಗೆಳೆಯರು ನೆರವಾದರು. ಫುಲೆ ಅವರ ಬ್ರಾಹ್ಮಣ್ಯವಿರೋಧವನ್ನು ವ್ಯಕ್ತಿದ್ವೇಷವೆಂದು ಸರಳವಾಗಿ ಓದುವವರು ಈ ಸಂಗತಿಯನ್ನು ಮರೆಯುತ್ತಾರೆ.

1840ರಲ್ಲಿ ಅವರ ವಿವಾಹವು ನಾಯಗಾಂವದ ಖಂಡೋಜಿ ನೇವಸೆ ಪಾಟೀಲರ ಮಗಳು ಸಾವಿತ್ರಿಬಾಯಿಯೊಂದಿಗೆ ನಡೆದಿತ್ತು. ವಧುವಿಗೆ ಆಗ ಒಂಬತ್ತು ವರ್ಷ. 1848ರಲ್ಲಿ ಗೆಳೆಯನೊಬ್ಬನ ಮದುವೆಯ ಮೆರವಣಿಗೆಯಲ್ಲಿ ಶೂದ್ರನೆಂಬ ಕಾರಣಕ್ಕೆ ಅವಮಾನಿತರಾದ ಜೋತಿರಾವ್ ಅವರು ಅದೇ ಸುಮಾರಿಗೆ ಅಹಮದ್‌ನಗರದಲ್ಲಿ ಅಮೆರಿಕನ್ ಮಿಶನ್ನಿನ ಸಿಂಥಿಯಾ ಫರಾರ್ ಅವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯನ್ನು ನೋಡಿಬಂದರು. ಆ ವರ್ಷವೇ ಪುಣೆಯ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು.

ಶಾಲೆ ತೆರೆಯಲು ಒಂದು ಕೋಣೆ ಸಿಕ್ಕಿತು. ಆದರೆ ಕಲಿಸುವವರು ಯಾರು? ಹೆಣ್ಣುಮಕ್ಕಳಿಗೆ ಪಾಠ ಹೇಳಬಲ್ಲ ಹೆಣ್ಣುಮಕ್ಕಳು ಆಗ ಪುಣೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು. ಜೋತಿರಾವ್ ಅವರು ಮೊದಲು ಮನೆಯಲ್ಲಿಯೇ ಹೆಂಡತಿಗೆ ಅಕ್ಷರ ಕಲಿಸಿದರು. ಆ ಬಳಿಕ ಸಾವಿತ್ರಿಬಾಯಿ ಅವರು ಅಹಮದ್‌ನಗರದಲ್ಲಿ ಫರಾರ್ ಅವರಲ್ಲಿಯೂ ಪುಣೆಯಲ್ಲಿ ಮಿಚೆಲ್ ಅವರ ನಾರ್ಮಲ್ ಶಾಲೆಯಲ್ಲಿಯೂ ಅಧ್ಯಾಪನದ ತರಬೇತಿ ಪಡೆದರು. ನಾರ್ಮಲ್ ಶಾಲೆಯೆಂದರೆ ಆ ಕಾಲದಲ್ಲಿ ಶಿಕ್ಷಕರನ್ನು ಸಿದ್ಧಗೊಳಿಸುವ ಶಾಲೆ. ಹೀಗೆ ಫುಲೆ ಅವರ ಕಾರ್ಯದಲ್ಲಿ ಶಿಕ್ಷಕರ ತರಬೇತಿಯು ಮೊದಲ ದಿನಗಳಿಂದಲೇ ಅನಿವಾರ್ಯವಾಗಿ ಎದುರಾದ ಸಮಸ್ಯೆಯಾಗಿತ್ತು. ಪರಿಹಾರವನ್ನು ಅವರು ತಮ್ಮ ಮನೆಯಲ್ಲಿಯೇ ಕಂಡುಕೊಂಡಿದ್ದರು. ಸಾವಿತ್ರಿಬಾಯಿ ಅವರು ಶಾಲೆಗೆ ಹೋಗುವಾಗ ಜನ ಸೆಗಣಿ, ಕೆಸರು ಎರಚುತ್ತಿದ್ದರೆಂದೂ, ಬದಲಿಸಿಕೊಳ್ಳಲು ಇನ್ನೊಂದು ಸೀರೆಯನ್ನು ಅವರು ಜತೆಗೆ ಒಯ್ಯುತ್ತಿದ್ದರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. 1849ರಲ್ಲಿ ಸಮಾಜದ ಒತ್ತಡಕ್ಕೆ ಮಣಿದ ತಂದೆ ಮಗನನ್ನೂ ಸೊಸೆಯನ್ನೂ ಮನೆಯಿಂದ ಹೊರಗೆ ಹಾಕಿದರು. ಉಸ್ಮಾನ್ ಶೇಖ್ ಅವರ ಮನೆ ಆಶ್ರಯ ನೀಡಿತು. ಆ ಮನೆಯ ಫಾತಿಮಾ ಶೇಖ್ ಅವರೂ ಶಿಕ್ಷಕಿಯಾದರು.

ಮೊದಲ ಶಾಲೆ ಕೆಲವು ತಿಂಗಳಲ್ಲಿಯೇ ನಿಂತುಹೋಗಿತ್ತು. ಆದರೂ 1851ರ ಜುಲೈ 3ರಂದು ಬುಧವಾರ ಪೇಠೆಯ ಚಿಪಳೂಣಕರ್ ವಾಡೆಯಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಸ್ತಾ ಪೇಠೆಯಲ್ಲಿ, 1852ರ ಮಾರ್ಚಿಯಲ್ಲಿ ವೇತಾಳ ಪೇಠೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳು ಒಂದರ ಹಿಂದೊಂದು ತೆರೆದವು. ಮಹಾರ, ಮಾಂಗ ಮೊದಲಾದ ಅಸ್ಪೃಶ್ಯ ಜಾತಿಗಳ ಮಕ್ಕಳಿಗಾಗಿ ಬೇರೆ ಶಾಲೆಗಳೂ ನಡೆದವು. ಶಾಲೆಗಳ ಆಡಳಿತಕ್ಕೆ ಮಂಡಳಿ ರಚಿತವಾಯಿತು. 1852ರ ನವೆಂಬರ್ 16ರಂದು ವಿಶ್ರಾಮಬಾಗ್ ವಾಡೆಯಲ್ಲಿ ಮೇಜರ್ ಕ್ಯಾಂಡಿ ಅವರು ಸರಕಾರದ ಪರವಾಗಿ ಫುಲೆ ಅವರಿಗೆ ಶಾಲು ಹೊದಿಸಿ ಸತ್ಕರಿಸಿದರು. 1853ರ ಫೆಬ್ರವರಿಯಲ್ಲಿ ನಡೆದ ಹೆಣ್ಣುಮಕ್ಕಳ ಬಹಿರಂಗ ಪರೀಕ್ಷೆಯನ್ನು ನೋಡಲು ಊರಿಗೆ ಊರೇ ನೆರೆದಿತ್ತು. ಶಾಲೆಯ ಗುಣವನ್ನು ಸಾರ್ವಜನಿಕರೆದುರು ಪರೀಕ್ಷೆಗೆ ಒಡ್ಡುವ ಈ ಪದ್ಧತಿಯು ಅಂದಿನ ದಿನಗಳಲ್ಲಿ ಸಾಮಾನ್ಯವೇ ಆಗಿತ್ತು. ಆದರೆ ವಿರೋಧಿಗಳ ನಡುವೆ, ಹೆಣ್ಣುಮಕ್ಕಳನ್ನು ಮುಂದೆ ನಿಲ್ಲಿಸಿ ಅದನ್ನು ನಡೆಸುವುದಕ್ಕೆ ಧೈರ್ಯ ಬೇಕಿತ್ತು. ಈ ಶಾಲೆಗಳಲ್ಲಿ ಕಲಿತ ಮುಕ್ತಾ ಎಂಬ ಮಾಂಗ ಹುಡುಗಿ ಮಹಾರ–ಮಾಂಗರ ದುಃಖವನ್ನು ಕುರಿತು ಬರೆದ ನಿಬಂಧವು 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಪರೀಕ್ಷಾಧಿಕಾರಿಯ ಷರಾಕ್ಕಿಂತಲೂ ಅದು ಹೆಚ್ಚಿನ ಪ್ರಮಾಣಪತ್ರವೆನ್ನಬಹುದು.

ಹಣದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಪೇಶ್ವೆಯವರ ಆಳ್ವಿಕೆಯಲ್ಲಿ ಶ್ರಾವಣ ಮಾಸದಲ್ಲಿ ಪುಣೆಯಲ್ಲಿ ವಿದ್ವಾಂಸ ಬ್ರಾಹ್ಮಣರಿಗೆ ದಕ್ಷಿಣೆ ಹಂಚಲಾಗುತ್ತಿತ್ತು. ದೂರದ ಪ್ರದೇಶಗಳಿಂದಲೂ ಪಂಡಿತರು ಬಂದು ಅದನ್ನು ಸ್ವೀಕರಿಸುತ್ತಿದ್ದರು. ಇಂಗ್ಲಿಷರು ಆ ಹಣವನ್ನು ಪೂರ್ತಿಯಾಗಿ ನಿಲ್ಲಿಸದೆ ಕ್ರಮೇಣ ಶಾಸ್ತ್ರಾಭ್ಯಾಸಕ್ಕೂ ಗ್ರಂಥಗಳ ಬಹುಮಾನಕ್ಕೂ ತಿರುಗಿಸಿದರು. 1849ರಲ್ಲಿ ಆ ನಿಧಿಯ ಒಂದು ಭಾಗವನ್ನು ಮರಾಠಿಯ ಒಳ್ಳೆಯ ಗ್ರಂಥಗಳಿಗೆ ಕೊಡಬೇಕೆಂದು ಸುಧಾರಕರು ಅರ್ಜಿ ಸಲ್ಲಿಸಿದಾಗ ಸಂಪ್ರದಾಯಸ್ಥರು ಕೆರಳಿದರು. ಆಗ ಸುಧಾರಕರ ಬೆಂಬಲಕ್ಕೆ ಕೆಳಜಾತಿಗಳ ಜನರನ್ನು ಕರೆದುಕೊಂಡು ಬಂದವರು ಜೋತಿರಾವ್. ಇದಾದ ಕೆಲವೇ ವರ್ಷಗಳಲ್ಲಿ ಅದೇ ದಕ್ಷಿಣಾ ನಿಧಿಯಿಂದ ಹೆಣ್ಣುಮಕ್ಕಳ ಶಾಲೆಗಳಿಗೆ ತಿಂಗಳಿಗೆ 75 ರೂಪಾಯಿ ಅನುದಾನ ಮಂಜೂರಾಯಿತು. ರಾಜಬೊಕ್ಕಸದಿಂದ ಒಂದು ಜಾತಿಯ ಪಂಡಿತರಿಗೆ ಸಲ್ಲುತ್ತಿದ್ದ ಹಣ ಮಾಳಿ ಗಂಡಹೆಂಡಿರು ನಡೆಸುವ ಶಾಲೆಗೆ ಹರಿದು ಬಂದದ್ದು ಪುಣೆಯ ಇತಿಹಾಸದಲ್ಲಿ ಸಣ್ಣ ಘಟನೆಯಲ್ಲ. ಹಾಗೆಂದು ಆ ನಿಧಿಯ ಮಂಡಳಿ ಫುಲೆ ಅವರಿಗೆ ಸದಾ ಅನುಕೂಲವಾಗಿತ್ತೆಂದು ತಿಳಿಯಬಾರದು. 1855ರಲ್ಲಿ ಅವರು ಸಲ್ಲಿಸಿದ ‘ತೃತೀಯ ರತ್ನ’ ನಾಟಕವನ್ನು ಅದು ಪುರಸ್ಕರಿಸಲಿಲ್ಲ.

ಅನುದಾನದ ಆಸರೆ ಗಟ್ಟಿಯಾದುದಲ್ಲ ಎಂಬುದೂ ಬೇಗನೆ ತಿಳಿದುಬಂದಿತು. ಸುಮಾರು ಒಂಬತ್ತು ಹತ್ತು ವರ್ಷ ದುಡಿದ ಮೇಲೆ ಫುಲೆ ಅವರು ಈ ಶಾಲೆಗಳ ಕಾರ್ಯದಿಂದ ದೂರ ಸರಿದರು. ಕಾರಣಗಳನ್ನು ಅವರು ಮುಂದೆಯೂ ಬಿಚ್ಚಿ ಹೇಳಲಿಲ್ಲ. ಹೆಣ್ಣುಮಕ್ಕಳ ಶಾಲೆಗಳನ್ನು ಮಂಡಳಿಯು ಶಿಕ್ಷಣ ಖಾತೆಗೆ ಒಪ್ಪಿಸಿತು. ಫುಲೆ ಅವರು ಕೆಲವು ವರ್ಷ ಮಿಶನ್ನಿನ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ದುಡಿಯುವ ಗಂಡಸರು ಹೆಂಗಸರಿಗಾಗಿ 1855ರಲ್ಲಿ ಮನೆಯಲ್ಲಿ ರಾತ್ರಿ ಶಾಲೆಯನ್ನೂ ನಡೆಸಿದರು. ಜೀವನೋಪಾಯಕ್ಕೆ ಗುತ್ತಿಗೆಯ ಕೆಲಸಗಳಿದ್ದವು. ಕಾತ್ರಜದ ಸುರಂಗ, ಯೇರವಡೆಯ ಸೇತುವೆ, ಖಡಕವಾಸಲೆಯ ಜಲಾಶಯ ಇವುಗಳ ನಿರ್ಮಾಣದೊಂದಿಗೆ ಅವರ ಹೆಸರು ಸೇರಿಕೊಂಡಿದೆ. ಕಲ್ಲು ಸುಣ್ಣಗಳ ಲೆಕ್ಕ ತಿಳಿದ ಈ ಗುತ್ತಿಗೆದಾರನಿಗೆ ಸರಕಾರದ ಹಣ ಎಲ್ಲಿ ಸೋರುತ್ತದೆಂಬುದು ಚೆನ್ನಾಗಿ ಗೊತ್ತಿತ್ತು.

ಈ ನಡುವೆ ದೇಶದ ಶಿಕ್ಷಣ ವ್ಯವಸ್ಥೆಯೇ ಬದಲಾಗಿತ್ತು. 1854ರ ವುಡ್ ನಿರೂಪವು ಪ್ರತಿ ಪ್ರಾಂತದಲ್ಲಿ ಶಿಕ್ಷಣ ಖಾತೆ, ಖಾಸಗಿ ಶಾಲೆಗಳಿಗೆ ಅನುದಾನ, ಶಾಲೆಗಳ ತನಿಖೆಗೆ ಇನ್ಸ್‌ಪೆಕ್ಟರರು, ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆಗಳು ಇರಬೇಕೆಂದು ವಿಧಿಸಿತು. ಮುಂಬಯಿ ಪ್ರಾಂತದಲ್ಲಿ 1860ರ ದಶಕದಿಂದ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಪಟ್ಟಿ ಬಿದ್ದಿತು. ಅದರ ಒಂದು ಪಾಲು ಶಾಲೆಗಳಿಗೆ ಮೀಸಲಾಯಿತು. ಪಟ್ಟಿ ಕೊಡುವವನು ರೈತ. ಕನ್ನಡ ಜಿಲ್ಲೆಗಳಲ್ಲಿಯೂ ಇದೇ ಏರ್ಪಾಡು. ಪುಣೆಯಲ್ಲಿ ಓದಿಬಂದು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ, ಮುಂದೆ ತನಿಖಾಧಿಕಾರಿಯಾಗಿ ಬೆಳಗಾವಿ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಚನ್ನಬಸಪ್ಪನವರಿಗೆ ಡೆಪ್ಯುಟಿ ಎಂಬ ಹುದ್ದೆಯೇ ಹೆಸರಾಗಿ ನಿಂತದ್ದು ಈ ವ್ಯವಸ್ಥೆಯಿಂದಲೇ. ಫುಲೆ ಅವರಿಗಿಂತ ಏಳು ವರ್ಷ ಕಿರಿಯರಾದ ಚನ್ನಬಸಪ್ಪನವರು ಖಾತೆಯ ಒಳಗೆ ನಿಂತು ಕನ್ನಡಕ್ಕಾಗಿ ಮಾಡಿದ ಕೆಲಸವನ್ನೂ, ಫುಲೆ ಅವರು ಖಾತೆಯ ಹೊರಗೆ ನಿಂತು ಶೂದ್ರಾತಿಶೂದ್ರರಿಗಾಗಿ ಎತ್ತಿದ ಪ್ರಶ್ನೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಕಾಲದ ಶಿಕ್ಷಣ ಚರಿತ್ರೆಯ ಎರಡು ಮುಖಗಳು ಸ್ಪಷ್ಟವಾಗುತ್ತವೆ.

1869ರಲ್ಲಿ ಫುಲೆ ಅವರು ಶಿಕ್ಷಣ ಖಾತೆಯ ಬ್ರಾಹ್ಮಣ ಪಂತೋಜಿಯನ್ನು ಕುರಿತು ಒಂದು ಪವಾಡವನ್ನು, ಅಂದರೆ ಲಾವಣಿಯ ರೀತಿಯ ಹಾಡುಗಬ್ಬವನ್ನು ರಚಿಸಿದರು. ರೈತನ ಪಟ್ಟಿಯಿಂದ ಸಂಬಳ ಪಡೆಯುವ ಪಂತೋಜಿ ರೈತನ ಮಗನನ್ನು ಕಡೆಗಣಿಸುತ್ತಾನೆ. ತನಿಖೆಗೆ ಬರುವವನೂ ಅವನ ಜಾತಿಯವನೇ ಆದುದರಿಂದ ದೋಷ ಹೊರಬೀಳುವುದಿಲ್ಲ ಎಂಬುದು ಅದರ ತಾತ್ಪರ್ಯ. 1873ರಲ್ಲಿ ‘ಗುಲಾಮಗಿರಿ’ ಹೊರಬಂದಿತು. ಅದೇ ವರ್ಷದ ಸೆಪ್ಟೆಂಬರ್ 24ರಂದು ಸತ್ಯಶೋಧಕ ಸಮಾಜ ಸ್ಥಾಪಿತವಾಯಿತು. 1876ರಿಂದ 1882ರವರೆಗೆ ಅವರು ಪುಣೆ ನಗರಸಭೆಯ ಸದಸ್ಯರಾಗಿದ್ದರು. 1880ರಲ್ಲಿ ವೈಸ್‌ರಾಯ್ ಲಿಟನ್ ಪುಣೆಗೆ ಬರುವ ಸಂದರ್ಭದಲ್ಲಿ ಊರಿನ ಅಲಂಕಾರಕ್ಕೆ ಸಾವಿರ ರೂಪಾಯಿ ವೆಚ್ಚ ಮಾಡುವ ಸಲಹೆ ಬಂದಾಗ ಆ ಹಣ ಬಡವರ ಶಿಕ್ಷಣಕ್ಕೆ ಸಲ್ಲಲೆಂದು ವಾದಿಸಿ, ಸಭೆಯಲ್ಲಿ ವಿರುದ್ಧ ಮತ ಕೊಟ್ಟವರು ಅವರೊಬ್ಬರೇ.

1882ರಲ್ಲಿ ವೈಸ್‌ರಾಯ್ ರಿಪನ್ ಅವರು ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗವನ್ನು ನೇಮಿಸಿದರು. ವುಡ್ ನಿರೂಪದ ಆಶಯಗಳು ಎಷ್ಟರ ಮಟ್ಟಿಗೆ ಕೈಗೂಡಿವೆ ಎಂಬುದನ್ನು ಪರಿಶೀಲಿಸುವುದು ಅದರ ಕೆಲಸ. ಪ್ರಾಥಮಿಕ ಶಿಕ್ಷಣಕ್ಕೆ ವಿಶೇಷ ಗಮನ ಕೊಡಬೇಕೆಂಬ ಸೂಚನೆಯೂ ಇತ್ತು. ಅಕ್ಟೋಬರ್ 19ರ ತಾರೀಖಿನಲ್ಲಿ ಫುಲೆ ಅವರು ಪುಣೆಯಿಂದ ಆ ಆಯೋಗಕ್ಕೆ ಮನವಿಯೊಂದನ್ನು ಸಲ್ಲಿಸಿದರು. ಇಂಗ್ಲಿಷಿನಲ್ಲಿರುವ ಆ ಬರಹದಲ್ಲಿ ‘ಗುಲಾಮಗಿರಿ’ಯ ಬಿರುಸು ಕಡಿಮೆ, ಲೆಕ್ಕಾಚಾರ ಹೆಚ್ಚು. ತಮಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂದಿತು ಎಂಬುದನ್ನು ಅವರು ಮೊದಲಿಗೇ ಹೇಳಿಕೊಳ್ಳುತ್ತಾರೆ: ಶಾಲೆಗಳನ್ನು ತೆರೆದದ್ದು, ನಡೆಸಿದ್ದು, ಬಿಟ್ಟದ್ದು. ಮಹಾರ–ಮಾಂಗರ ಶಾಲೆ ಇನ್ನೂ ಇದೆಯಾದರೂ ತೃಪ್ತಿಕರ ಸ್ಥಿತಿಯಲ್ಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಅವರ ವಾದದ ತಳಹದಿ ಸರಳವಾದುದು. ಸರಕಾರದ ಆದಾಯದ ಬಹುಪಾಲು ಬೆವರು ಸುರಿಸುವ ರೈತನಿಂದ ಬರುತ್ತದೆ. ಶಿಕ್ಷಣದ ವೆಚ್ಚದ ಬಹುಪಾಲು ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತದೆ. ಮೇಲಿನವರಿಗೆ ಕಲಿಸಿದರೆ ವಿದ್ಯೆ ತಾನಾಗಿ ಕೆಳಗೆ ಇಳಿಯುತ್ತದೆಂಬ ಅಧಿಕಾರಿಗಳ ನಂಬಿಕೆಯನ್ನು ಅವರು ಒಪ್ಪುವುದಿಲ್ಲ. ಪ್ರಾಂತದ ಹತ್ತರಲ್ಲಿ ಒಂಬತ್ತು ಪಾಲು ಹಳ್ಳಿಗಳಲ್ಲಿ, ಸುಮಾರು ಹತ್ತು ಲಕ್ಷ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣದ ಅನುಕೂಲವೇ ಇಲ್ಲವೆಂಬ ಅಂದಿನ ಅಂದಾಜನ್ನು ಮುಂದಿಟ್ಟು, ಒಂದು ವಯಸ್ಸಿನವರೆಗೆ, ಕನಿಷ್ಠ ಹನ್ನೆರಡು ವರ್ಷದವರೆಗಾದರೂ, ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಕೇಳುತ್ತಾರೆ.

ಮನವಿಯ ಸಾರಭೂತವಾದ ಭಾಗವೆಂದರೆ ಶಿಕ್ಷಕನನ್ನು ಕುರಿತದ್ದು. ಇರುವ ಶಿಕ್ಷಕರು ಬಹುತೇಕ ಬ್ರಾಹ್ಮಣರು. ನಾರ್ಮಲ್ ಶಾಲೆಯಲ್ಲಿ ತರಬೇತಿ ಪಡೆದವರು ಕೆಲವರು ಮಾತ್ರ. ಸಂಬಳ ಹತ್ತು ರೂಪಾಯಿ ದಾಟುವುದು ಅಪರೂಪ, ವಿದ್ಯೆಯೂ ಅಷ್ಟಕ್ಕಷ್ಟೇ. ಇವರ ಕೈಯಲ್ಲಿ ಕಲಿತ ಹುಡುಗರು ಮೈಗಳ್ಳರಾಗಿ, ಮನೆತನದ ಕಸುಬು ಬಿಟ್ಟು ನೌಕರಿಗಾಗಿ ಅಲೆಯುತ್ತಾರೆ. ಆದುದರಿಂದ ಶಿಕ್ಷಕರನ್ನು ಸಾಧ್ಯವಾದಮಟ್ಟಿಗೆ ಒಕ್ಕಲುತನದ ವರ್ಗಗಳಿಂದಲೇ ಆರಿಸಿ ತರಬೇತಿ ಕೊಡಬೇಕು. ಅಂಥವನು ಜನರೊಡನೆ ಬೆರೆಯಬಲ್ಲ. ಬೇಕಾದಾಗ ನೇಗಿಲ ಮೇಣಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚುವುದಿಲ್ಲ. ತರಬೇತಿಯ ಪಠ್ಯದಲ್ಲಿ ಮಾಮೂಲು ವಿಷಯಗಳ ಜತೆಗೆ ಬೇಸಾಯ ಮತ್ತು ಆರೋಗ್ಯ ರಕ್ಷಣೆಯ ಪ್ರಾಥಮಿಕ ಜ್ಞಾನ ಸೇರಬೇಕು. ತರಬೇತಿಯಿಲ್ಲದವರು ನಿಜವಾಗಿ ಸಮರ್ಥರಾಗಿದ್ದರೆ ಉಳಿಯಲಿ. ಇಲ್ಲವಾದರೆ ಅವರ ಜಾಗಕ್ಕೆ ತರಬೇತಾದವರು ಬರಲಿ. ಸಂಬಳ ಹನ್ನೆರಡು ರೂಪಾಯಿಗೆ ಕಡಿಮೆಯಾಗಬಾರದು, ದೊಡ್ಡ ಹಳ್ಳಿಗಳಲ್ಲಿ ಹದಿನೈದೋ ಇಪ್ಪತ್ತೋ ಇರಬೇಕು. ಊರಿನ ಲೆಕ್ಕಪತ್ರಗಳ ತಪಾಸಣೆ, ದಸ್ತಾವೇಜುಗಳ ನೋಂದಣಿ, ಟಪಾಲು, ಸ್ಟಾಂಪ್ ಮಾರಾಟ ಇಂಥ ಕೆಲಸಗಳನ್ನು ಶಿಕ್ಷಕನಿಗೆ ವಹಿಸಿದರೆ ಹಳ್ಳಿಯಲ್ಲಿ ಅವನ ಮಾನ ಹೆಚ್ಚುತ್ತದೆ. ಕುಲಕರ್ಣಿಯ ಕಡತದ ಮೇಲೆ ಮಾಸ್ತರನ ಕಣ್ಣಿರಲಿ ಎಂಬ ಈ ಸೂಚನೆಯಲ್ಲಿ ಫುಲೆ ಅವರ ಜಾಣ್ಮೆಯಿದೆ. ಹಳ್ಳಿಯ ಅಧಿಕಾರದ ಕೀಲಿ ಯಾರ ಸೊಂಟದಲ್ಲಿದೆಯೆಂಬುದು ಅವರಿಗೆ ತಿಳಿಯದ್ದಲ್ಲ.

ತನಿಖೆಯ ವಿಷಯದಲ್ಲಿ ಅವರದು ಇನ್ನೂ ಖಚಿತವಾದ ಮಾತು. ವರ್ಷಕ್ಕೊಮ್ಮೆ ಡೆಪ್ಯುಟಿ ಬಂದು ಹೋಗುವುದರಿಂದ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ತನಿಖೆ ನಡೆಯಬೇಕು. ನಡುವೆ ಮುನ್ಸೂಚನೆ ಕೊಡದೆಯೂ ಬರಬೇಕು. ಜಿಲ್ಲೆಯ, ಹಳ್ಳಿಯ ಇತರ ಅಧಿಕಾರಿಗಳಿಗೆ ನೂರೆಂಟು ಕೆಲಸ. ಶಾಲೆಗೆ ಬಂದರೂ ಅವರ ಪರೀಕ್ಷೆ ಮೇಲುಮೇಲಿನದು. ಆಗಾಗ ಯುರೋಪಿಯನ್ ಇನ್ಸ್‌ಪೆಕ್ಟರರ ಮೇಲ್ವಿಚಾರಣೆ ಇರುವುದು ಒಳಿತು ಎಂದೂ ಅವರು ಸೇರಿಸುತ್ತಾರೆ. ಇಂದಿನ ಓದುಗನಿಗೆ ಈ ಕೊನೆಯ ಸಲಹೆ ರುಚಿಸಲಾರದು. ಪರಕೀಯ ಅಧಿಕಾರಿಯ ನಿಷ್ಪಕ್ಷಪಾತದ ಬಗ್ಗೆ ಫುಲೆ ಅವರು ಇಟ್ಟ ನಂಬಿಕೆ ಅತಿಯಾದುದೆಂದು ಒಪ್ಪಬೇಕು. ಅದೇ ಅಧಿಕಾರಿಗಳು ಕೆಳಗಿನವರ ವರದಿಯನ್ನೇ ಆಧರಿಸಿ ಸಹಿ ಮಾಡುತ್ತಿದ್ದರೆಂದು ಅವರೇ 1883ರ ‘ಶೇತಕರ್ಯಾಚಾ ಅಸೂಡ’ದಲ್ಲಿ ಕಟುವಾಗಿ ಟೀಕಿಸುತ್ತಾರೆ. ಆದರೆ ಪರೀಕ್ಷಿಸುವವನೂ ಪರೀಕ್ಷೆಗೊಳಗಾಗುವವನೂ ಒಂದೇ ಬಳಗದವರಾದರೆ ತನಿಖೆಯೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ ಎಂಬ ಅವರ ಮೂಲ ಆಕ್ಷೇಪಕ್ಕೆ ಆ ಕಾಲದಲ್ಲಿ ಯಾರೂ ಸಮರ್ಪಕವಾದ ಉತ್ತರ ಕೊಡಲಿಲ್ಲ.

ಹಣಕ್ಕೆ ಅವರು ದಾರಿಗಳನ್ನೂ ತೋರಿಸಿದರು. ಲೋಕಲ್ ಫಂಡಿನ ಅರ್ಧದಷ್ಟು ಪ್ರಾಥಮಿಕ ಶಿಕ್ಷಣಕ್ಕೇ ಮೀಸಲಾಗಲಿ. ನಗರಸಭೆಗಳು ತಮ್ಮ ಎಲ್ಲೆಯೊಳಗಿನ ಪ್ರಾಥಮಿಕ ಶಾಲೆಗಳ ವೆಚ್ಚವನ್ನು ಹೊರುವಂತೆ ಕಾನೂನು ಆಗಲಿ. ಉಳಿದುದನ್ನು ಪ್ರಾಂತದ ಅಥವಾ ಕೇಂದ್ರದ ಬೊಕ್ಕಸ ತುಂಬಲಿ. ತರಬೇತಾದ ಶಿಕ್ಷಕರಿರುವ ಗಾವಠಿ ಶಾಲೆಗಳಿಗೆ ಧಾರಾಳವಾಗಿ ನೆರವು ಸಿಗಲಿ. ಆದರೆ ಶಾಲೆಗಳ ಆಡಳಿತವನ್ನು ಪೂರ್ತಿಯಾಗಿ ನಗರಸಭೆಗೆ ಬಿಟ್ಟುಕೊಡಬಾರದು. ನಗರಸಭೆಯ ಒಳಗಿನ ರೀತಿನೀತಿಗಳನ್ನು ಆರು ವರ್ಷ ಕಂಡವರ ಮಾತಿದು. ಆಗ ಅಧಿಕಾರಿಗಳಿಗೆ ಬಹಳ ಪ್ರಿಯವಾಗಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಅನುದಾನ ಕೊಡುವ ಪದ್ಧತಿಯನ್ನು ಅವರು ಬಡವರ ಶಾಲೆಗಳ ಮಟ್ಟಿಗೆ ತಿರಸ್ಕರಿಸಿದರು. ವಿದ್ಯೆಯ ರುಚಿಯೇ ಇನ್ನೂ ಹತ್ತದ ಜನರ ನಡುವೆ ಫಲಿತಾಂಶವನ್ನು ನಂಬಿ ಶಾಲೆ ತೆರೆಯುವ ಶಿಕ್ಷಕನ ಹೊಟ್ಟೆ ತುಂಬಲಾರದು ಎಂಬುದು ಅವರ ಅಭಿಪ್ರಾಯ. ಹಾಗೆಂದು ಫಲಿತಾಂಶಕ್ಕೆ ಬೆಲೆಯೇ ಇಲ್ಲವೆಂದು ಅವರು ಹೇಳಲಿಲ್ಲ. ಹೆಚ್ಚು ಹುಡುಗರನ್ನು ತೇರ್ಗಡೆ ಮಾಡಿಸಿದ ಶಿಕ್ಷಕನಿಗೆ ಸಂಬಳದ ಮೇಲೆ ಭತ್ಯವಿರಲಿ ಎಂದರು. ಶಾಲೆ ಬದುಕುವುದಕ್ಕೆ ಬೇಕಾದ ಹಣ ಬೇರೆ, ಶಿಕ್ಷಕನ ಉತ್ಸಾಹಕ್ಕೆ ಕೊಡುವ ಹಣ ಬೇರೆ ಎಂಬ ಈ ವಿವೇಕ ಖಾತೆಯ ದೊಡ್ಡ ಅಧಿಕಾರಿಗಳಲ್ಲಿಯೂ ಅಪರೂಪವಾಗಿತ್ತು.

1883ರಲ್ಲಿ ಆಯೋಗದ ವರದಿ ಬಂದಿತು. ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಮಂಡಳಿಗಳಿಗೂ ನಗರಸಭೆಗಳಿಗೂ ಒಪ್ಪಿಸಬೇಕೆಂದೂ, ಆಯಾ ಪ್ರದೇಶದ ಅಗತ್ಯಕ್ಕೆ ತಕ್ಕಂತೆ ನಾರ್ಮಲ್ ಶಾಲೆಗಳಿರಬೇಕೆಂದೂ ಅದು ಶಿಫಾರಸು ಮಾಡಿತು. ಫಲಿತಾಂಶದ ಮೇಲಿನ ಅನುದಾನವನ್ನು ಕೈಬಿಡಲಿಲ್ಲ. ಆ ಪದ್ಧತಿ ಹಿಂದೆ ಸರಿದದ್ದು ಮುಂದಿನ ಶತಮಾನದ ಆರಂಭದಲ್ಲಿ, ಕರ್ಜನ್ ಅವರ ಕಾಲದಲ್ಲಿ. ಕಡ್ಡಾಯ ಶಿಕ್ಷಣದ ಮಾತನ್ನು ಆಯೋಗ ಎತ್ತಿಕೊಳ್ಳಲಿಲ್ಲ. ಗೋಖಲೆಯವರು 1911ರಲ್ಲಿ ತಂದ ಮಸೂದೆಯೂ ಬಿದ್ದುಹೋಯಿತು. ಸತ್ಯಶೋಧಕರ ಆಶಯಗಳಿಗೆ ಹತ್ತಿರದವರಾದ ಶಾಹೂ ಮಹಾರಾಜರು ಕೊಲ್ಲಾಪುರ ಸಂಸ್ಥಾನದಲ್ಲಿ 1917ರಲ್ಲಿ ಅದನ್ನು ಜಾರಿಗೆ ತಂದರು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ನಗರಸಭೆಗಳ ಮಟ್ಟಿಗೆ ಕಾಯಿದೆಯಾಯಿತು.

1888ರ ಮೇ 11ರಂದು ಮುಂಬಯಿಯ ಸಭೆಯೊಂದರಲ್ಲಿ ಜನರು ಫುಲೆ ಅವರಿಗೆ ಮಹಾತ್ಮಾ ಎಂಬ ಬಿರುದು ನೀಡಿದರು. ಅದೇ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಎಡಗೈಯಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡು ‘ಸಾರ್ವಜನಿಕ ಸತ್ಯಧರ್ಮ ಪುಸ್ತಕ’ವನ್ನು ಪೂರ್ಣಗೊಳಿಸಿದರು. ಗುತ್ತಿಗೆಯ ಸಂಪಾದನೆ ಅಷ್ಟರಲ್ಲಿ ಕರಗಿಹೋಗಿ ಮನೆಯಲ್ಲಿ ಬಡತನವಿತ್ತು. 1890ರ ನವೆಂಬರ್ 28ರಂದು ಅವರು ಪುಣೆಯಲ್ಲಿ ನಿಧನರಾದರು. ಗ್ರಂಥ ಮರುವರ್ಷ ಅಚ್ಚಾಯಿತು. ದತ್ತುಪುತ್ರ ಯಶವಂತನ ಹಕ್ಕಿಗೆ ಬಂಧುಗಳು ತಕರಾರು ತೆಗೆದಾಗ ಶವಯಾತ್ರೆಯಲ್ಲಿ ಮಡಕೆ ಹಿಡಿದು ಮುಂದೆ ನಡೆದವರು ಸಾವಿತ್ರಿಬಾಯಿ. ಏಳು ವರ್ಷಗಳ ತರುವಾಯ ಪುಣೆಯಲ್ಲಿ ಪ್ಲೇಗು ಹರಡಿದಾಗ, ವೈದ್ಯನಾಗಿದ್ದ ಮಗನೊಂದಿಗೆ ರೋಗಿಗಳ ಶುಶ್ರೂಷೆಗೆ ನಿಂತ ಅವರು ಸೋಂಕು ತಗುಲಿ 1897ರ ಮಾರ್ಚಿ 10ರಂದು ತೀರಿಕೊಂಡರು. ತಾವು ಪಾಠ ಹೇಳುತ್ತಿದ್ದ ಊರಿನ ವಿಶ್ವವಿದ್ಯಾಲಯಕ್ಕೆ ಅವರ ಹೆಸರು ಬಂದದ್ದು 2014ರಲ್ಲಿ.